ಮ್ಯೂಟ್ ಆದ ಮೈಕು: ಕೆಲಸ ಹೋಗುವ ಭಯಕ್ಕೂ ನೌಕರರ ಮೌನಕ್ಕೂ ಏನು ನಂಟು?

ಗುರುವಾರ ಸಂಜೆ ಆರೂಕಾಲು. ಬೆಂಗಳೂರಿನ ಹೊರವರ್ತುಲ ರಸ್ತೆಯ ಒಂದು ಕಚೇರಿಯಲ್ಲಿ ಸುಮಾ ಎಂಬ ಟೆಸ್ಟಿಂಗ್ ಉದ್ಯೋಗಿ ಕುಳಿತಿದ್ದಾರೆ ಎಂದುಕೊಳ್ಳಿ. ಮರುದಿನ ಬಿಡುಗಡೆಯಾಗಬೇಕಾದ ಆ್ಯಪ್‌ನಲ್ಲಿ ಅವರ ಕಣ್ಣಿಗೆ ಒಂದು ದೋಷ ಬಿದ್ದಿದೆ. ನೆಟ್‌ವರ್ಕ್ ನಿಧಾನವಾಗಿದ್ದಾಗ ‘ಪಾವತಿಸಿ’ ಗುಂಡಿಯನ್ನು ಎರಡು ಸಲ ಒತ್ತಿದರೆ ಗ್ರಾಹಕರ ಖಾತೆಯಿಂದ ದುಡ್ಡೂ ಎರಡು ಸಲ ಹೋಗುತ್ತಿದೆ. ಯಾವಾಗಲೂ ಅಲ್ಲ, ಹತ್ತಕ್ಕೆ ಒಂದೆರಡು ಬಾರಿ. ಆನ್‌ಲೈನ್ ಮೀಟಿಂಗ್‌ನಲ್ಲಿ ಮ್ಯಾನೇಜರ್ ಕೇಳುತ್ತಾರೆ: “ನಾಳೆಯ ರಿಲೀಸ್‌ಗೆ ಯಾರದಾದರೂ ತಕರಾರು ಇದೆಯೇ?” ಸುಮಾ ಮೌಸನ್ನು ಮೈಕಿನ ಗುರುತಿನವರೆಗೆ ಒಯ್ಯುತ್ತಾರೆ. ಹಿಂದಿನ ವಾರ ಪಕ್ಕದ ತಂಡದ ನಾಲ್ವರ ಐಡಿ ಕಾರ್ಡಿಗೆ ಗೇಟು ತೆರೆದಿರಲಿಲ್ಲ. ಅದು ನೆನಪಾಗುತ್ತದೆ. ಮೈಕು ಮ್ಯೂಟ್‌ನಲ್ಲೇ ಉಳಿಯುತ್ತದೆ. “ಸರಿ, ಹಾಗಾದರೆ ಮುಗಿಸೋಣ,” ಎನ್ನುತ್ತಾರೆ ಮ್ಯಾನೇಜರ್.

ಸುಮಾ ನಾನು ಕಟ್ಟಿದ ಪಾತ್ರ. ಅವರ ಆ ಕ್ಷಣ ಮಾತ್ರ ಬಹಳ ಜನರಿಗೆ ಪರಿಚಯದ್ದು. 2025ರ ಜುಲೈನಲ್ಲಿ ದೇಶದ ಅತಿ ದೊಡ್ಡ ಐಟಿ ಸೇವಾ ಕಂಪನಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಶೇ 2ರಷ್ಟು, ಅಂದರೆ 12 ಸಾವಿರಕ್ಕೂ ಹೆಚ್ಚು ಮಂದಿಯನ್ನು ಕಡಿಮೆ ಮಾಡುವುದಾಗಿ ಹೇಳಿದ ಮೇಲೆ ಉದ್ಯೋಗ ಕಡಿತದ ಮಾತು ಮನೆಮನೆಯ ಊಟದ ಹೊತ್ತಿಗೂ ಬಂದಿದೆ. ಸುದ್ದಿಯಾಗುವವರು ಹೊರಗೆ ಹೋದವರು. ಒಳಗೆ ಉಳಿದವರಿಗೆ ಏನಾಗುತ್ತದೆ, ಅವರ ಮಾತಿಗೆ ಏನಾಗುತ್ತದೆ ಎಂಬುದು ಈ ಲೇಖನದ ವಿಷಯ.

ಅಭದ್ರತೆ ಎಂದರೆ ಏನು?

ಉದ್ಯೋಗದ ಅಭದ್ರತೆಯೂ ನಿರುದ್ಯೋಗವೂ ಬೇರೆ ಬೇರೆ. ಕೆಲಸ ಹೋದವನಿಗೆ ಹೋಗಿದೆ ಎಂಬುದಾದರೂ ಖಚಿತ. ಅಭದ್ರತೆಯಲ್ಲಿರುವವನಿಗೆ ಈ ತಿಂಗಳ ಸಂಬಳ ಬಂದಿದೆ, ಮುಂದಿನದರ ಭರವಸೆ ಇಲ್ಲ. 1984ರಲ್ಲಿ ಲಿಯೊನಾರ್ಡ್ ಗ್ರೀನ್‌ಹಾಲ್ಘ್ ಮತ್ತು ಜೆಹವಾ ರೋಸೆನ್‌ಬ್ಲಾಟ್ ಎಂಬ ಇಬ್ಬರು ಸಂಶೋಧಕರು ಇದನ್ನು ವಿವರಿಸುವಾಗ ಎರಡು ಅಂಶಗಳನ್ನು ಜೋಡಿಸಿದರು: ಕೆಲಸಕ್ಕೆ ಕುತ್ತು ಬಂದಿದೆ ಎಂಬ ಅನಿಸಿಕೆ, ಮತ್ತು ಅದನ್ನು ತಡೆಯಲು ತನ್ನ ಕೈಯಲ್ಲಿ ಏನೂ ಇಲ್ಲ ಎಂಬ ಅಸಹಾಯಕತೆ. ಎರಡನೆಯದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಚೆನ್ನಾಗಿ ದುಡಿದರೆ ಉಳಿಯಬಹುದು ಎಂದು ಗೊತ್ತಿರುವವನ ಭಯ ಒಂದು ಬಗೆಯದು. ಪಟ್ಟಿಯನ್ನು ಯಾರು, ಯಾವ ಊರಲ್ಲಿ, ಯಾವ ಲೆಕ್ಕದ ಮೇಲೆ ತಯಾರಿಸುತ್ತಾರೆ ಎಂದೇ ತಿಳಿಯದವನ ಭಯ ಇನ್ನೊಂದು ಬಗೆಯದು.

ಮುಂದೆ ಸ್ವೀಡನ್ನಿನ ಸಂಶೋಧಕರು ಇದನ್ನು ಇನ್ನೊಂದು ರೀತಿಯಲ್ಲಿ ಎರಡಾಗಿ ಬಿಡಿಸಿದರು. ಕೆಲಸವೇ ಹೋಗಿಬಿಡಬಹುದು ಎಂಬುದು ಒಂದು. ಕೆಲಸ ಉಳಿದರೂ ಅದರ ಸತ್ವ ಹೋಗಬಹುದು ಎಂಬುದು ಮತ್ತೊಂದು: ಬಡ್ತಿ ನಿಲ್ಲಬಹುದು, ಬೇರೆ ಊರಿಗೆ ಎಸೆಯಬಹುದು, ಇಷ್ಟವಿಲ್ಲದ ಪಾಳಿ ಹಾಕಬಹುದು. ಖಾಯಂ ಸರ್ಕಾರಿ ನೌಕರರಿಗೆ ಮೊದಲನೆಯದರ ಭಯ ಅಷ್ಟಿಲ್ಲ, ಎರಡನೆಯದರ ಭಯ ಧಾರಾಳವಾಗಿದೆ. ಒಂದೇ ಶಬ್ದದಲ್ಲಿ ಹೇಳುವುದಾದರೆ: ವರ್ಗಾವಣೆ.

ಇಲ್ಲೊಂದು ಮನೆಯ ಹೋಲಿಕೆ ನೋಡಿ. ನಾಡಿದ್ದು ಎರಡು ದಿನ ಕಾವೇರಿ ನೀರು ಬರುವುದಿಲ್ಲ ಎಂಬ ಸುದ್ದಿ ಬೆಂಗಳೂರಿನ ಒಂದು ಬಡಾವಣೆಗೆ ಬಂತು ಎನ್ನೋಣ. ಸಂಪು ತುಂಬಿ ತುಳುಕುತ್ತಿದೆ. ಆದರೂ ಆ ಗಳಿಗೆಯಿಂದಲೇ ಗಿಡಕ್ಕೆ ನೀರು ಬಂದ್, ವಾಷಿಂಗ್ ಮಷೀನ್ ಬಂದ್. ನೀರು ಇನ್ನೂ ಹೋಗಿಲ್ಲ, ಹೋಗಬಹುದು ಎಂಬ ಮಾತಿಗೇ ಇಷ್ಟು ಬದಲಾವಣೆ. ಅಮೆರಿಕದ ಮನಶ್ಶಾಸ್ತ್ರಜ್ಞ ಸ್ಟೀವನ್ ಹಾಬ್‌ಫಾಲ್ 1989ರಲ್ಲಿ ಮಂಡಿಸಿದ ಸಿದ್ಧಾಂತದ ತಿರುಳು ಹೆಚ್ಚುಕಡಿಮೆ ಇದೇ: ಇರುವುದು ಕೈಬಿಟ್ಟು ಹೋದೀತು ಎನ್ನಿಸಿದಾಗ ಮನುಷ್ಯ ಹೊಸದನ್ನು ಗಳಿಸುವ ಗೋಜಿಗೆ ಹೋಗದೆ ಇದ್ದದ್ದನ್ನು ಕಾಪಾಡಿಕೊಳ್ಳಲು ತೊಡಗುತ್ತಾನೆ. ಕಚೇರಿಯಲ್ಲಿ ಮೊದಲು ಬಂದ್ ಆಗುವ ನಲ್ಲಿ ಮಾತು. ಹೇಳಿದ ಕೆಲಸ ಮಾಡದಿದ್ದರೆ ಕೇಳುವವರಿದ್ದಾರೆ. ಹೇಳಬೇಕಾದ ಮಾತನ್ನು ಆಡದಿದ್ದರೆ ಕೇಳುವವರು ಯಾರು?

ಸಲಹೆ ಬೇರೆ, ಎಚ್ಚರಿಕೆ ಬೇರೆ

ಕೆಲಸದ ಜಾಗದಲ್ಲಿ ದನಿ ಎತ್ತುವುದು ಎಂದರೆ ಜಗಳ ಕಾಯುವುದು ಎಂದು ತಿಳಿಯಬೇಕಿಲ್ಲ. ಸಂಸ್ಥೆಗೆ ಒಳ್ಳೆಯದಾಗಲಿ ಎಂದು, ಯಾರೂ ಬಲವಂತ ಮಾಡದೆ, ತಾನಾಗಿ ಹೇಳುವ ಮಾತಿಗೆ ಸಂಶೋಧಕರು ‘ದನಿ’ ಎನ್ನುತ್ತಾರೆ. ಅದರಲ್ಲಿ ಎರಡು ಬಗೆ. “ಈ ಫಾರಂ ಆನ್‌ಲೈನ್ ಮಾಡಿದರೆ ಸಮಯ ಉಳಿಯುತ್ತದೆ” ಎಂಬುದು ಸಲಹೆ. “ಈ ಲೆಕ್ಕ ತಪ್ಪಿದೆ, ಹೀಗೇ ಕಳಿಸಿದರೆ ತೊಂದರೆಯಾಗುತ್ತದೆ” ಎಂಬುದು ಎಚ್ಚರಿಕೆ. ಮೊದಲನೆಯದರಲ್ಲಿ ಯಾರ ತಪ್ಪೂ ಇಲ್ಲ. ಎರಡನೆಯದರಲ್ಲಿ ಯಾರೋ ಒಬ್ಬರ ತಪ್ಪಿದೆ, ಆ ಯಾರೋ ಬಹಳ ಸಲ ಮೇಲಧಿಕಾರಿಯೇ ಆಗಿರುತ್ತಾರೆ. 2012ರಲ್ಲಿ ಪ್ರಕಟವಾದ, ಚೀನಾದ ಉದ್ಯೋಗಿಗಳ ಮೇಲಿನ ಒಂದು ಅಧ್ಯಯನ ಈ ಎರಡನ್ನೂ ಬೇರೆ ಬೇರೆ ಅಳೆದು ನೋಡಿತು. ‘ಇಲ್ಲಿ ಮಾತಾಡಿದರೆ ಕೇಡಿಲ್ಲ’ ಎಂಬ ನಂಬಿಕೆಗೆ ಹೆಚ್ಚು ಗಟ್ಟಿಯಾಗಿ ಅಂಟಿಕೊಂಡಿದ್ದು ಎಚ್ಚರಿಕೆಯ ಮಾತು. ಭಯ ಬಂದಾಗ ಮೊದಲು ಒಣಗುವುದೂ ಅದೇ ಎಂದು ಇದರಿಂದ ಊಹಿಸಬಹುದು. ಸಲಹಾಪೆಟ್ಟಿಗೆ ತುಂಬಿದೆ ಎಂದು ಹಿಗ್ಗುವ ಕಂಪನಿಗಳು ಪೆಟ್ಟಿಗೆಯೊಳಗೆ ಏನು ತುಂಬಿದೆ ಎಂದೂ ನೋಡಬೇಕು. ಕ್ಯಾಂಟೀನಿನ ಚಟ್ನಿಯ ಬಗ್ಗೆ ಮೂವತ್ತು ಚೀಟಿ ಇದ್ದರೆ ಅದೂ ಒಂದು ಸುದ್ದಿಯೇ.

ನಮ್ಮ ಭಾಷೆಯ ಒಂದು ವಿಚಿತ್ರವನ್ನೂ ಇಲ್ಲೇ ಹೇಳಿಬಿಡುತ್ತೇನೆ. ದೊಡ್ಡವರಿಗೆ ಏನನ್ನಾದರೂ ನೇರವಾಗಿ ಹೇಳುವುದಕ್ಕೆ ಕನ್ನಡದಲ್ಲಿ ಸಲೀಸಾಗಿ ಸಿಗುವ ಪದಗಳು ಎದುರುಮಾತು, ಎದುರುತ್ತರ, ಅಧಿಕಪ್ರಸಂಗ. ಮೂರರಲ್ಲೂ ಬೈಗುಳದ ವಾಸನೆ ಇದೆ. ‘ಕಿವಿಮಾತು’ ಎಂಬ ಒಳ್ಳೆಯ ಪದ ಇದೆ ಸರಿ, ಆದರೆ ಅದು ಹೆಚ್ಚಾಗಿ ಮೇಲಿನಿಂದ ಕೆಳಕ್ಕೆ ಹರಿಯುತ್ತದೆ. ಕೆಳಗಿನಿಂದ ಕಿವಿಗೆ ಬಿದ್ದರೆ ಅದಕ್ಕೆ ‘ಚಾಡಿ’ ಎನ್ನುವುದು ವಾಡಿಕೆ.

ಮನಸ್ಸಿನ ತಕ್ಕಡಿ

ಸುಮಾ ಅವರ ತಲೆಯಲ್ಲಿ ಆ ಐದು ಸೆಕೆಂಡಿನಲ್ಲಿ ನಡೆದ ಲೆಕ್ಕವನ್ನು ನಿಧಾನಕ್ಕೆ ಬಿಡಿಸಿ ನೋಡೋಣ.

ಹೇಳಿದರೆ ಲಾಭ ಯಾರಿಗೆ? ಹೆಸರೇ ಗೊತ್ತಿಲ್ಲದ ಗ್ರಾಹಕರಿಗೆ, ಕಂಪನಿಗೆ, ಮುಂದೆಂದೋ. ಹೇಳಿದರೆ ನಷ್ಟ ಯಾರಿಗೆ? ತನಗೆ, ತನ್ನೊಬ್ಬಳಿಗೆ, ಈಗಲೇ. ರಿಲೀಸ್ ತಡವಾದರೆ “ಕೊನೇ ಗಳಿಗೆಯಲ್ಲಿ ಅಡ್ಡ ಹಾಕಿದವಳು” ಎಂಬ ಹೆಸರು. ಅಪ್ರೈಸಲ್ ಇನ್ನು ಆರು ವಾರಕ್ಕೆ. ಯಲಹಂಕದ ಫ್ಲ್ಯಾಟಿನ ಇಎಂಐ ಪ್ರತಿ ತಿಂಗಳ 5ನೇ ತಾರೀಕು. ಇನ್ನೊಂದು ಅನುಮಾನವೂ ಇದೆ: ಈ ದೋಷ ಡೆವಲಪರ್‌ಗಳಿಗೆ ಗೊತ್ತಿದ್ದೂ ಸುಮ್ಮನಿದ್ದಾರೆಯೇ? ಗೊತ್ತಿದ್ದರೆ ತಾನು ಹೇಳಿ ಪೆದ್ದಿ ಅನಿಸಿಕೊಳ್ಳುವುದೇಕೆ?

ತಕ್ಕಡಿ ಕೆಲಸ ಭದ್ರವಾಗಿದ್ದಾಗಲೂ ಹೀಗೇ ವಾಲಿರುತ್ತದೆ. 2003ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ಫ್ರಾನ್ಸಿಸ್ ಮಿಲಿಕೆನ್, ಎಲಿಜಬೆತ್ ಮಾರಿಸನ್ ಮತ್ತು ಪೆಟ್ರೀಷಿಯಾ ಹ್ಯೂಲಿನ್ ಬೇರೆ ಬೇರೆ ಉದ್ಯಮಗಳ 40 ಜನರನ್ನು ಮಾತಾಡಿಸಿದರು. ಮುಖ್ಯವಾದ ವಿಷಯವನ್ನು ಮೇಲಿನವರಿಗೆ ಹೇಳಲಾಗದೆ ಒಮ್ಮೆಯಾದರೂ ನುಂಗಿಕೊಂಡಿದ್ದೇವೆ ಎಂದವರು ಶೇ 85. ಅವರು ಹೆಚ್ಚಾಗಿ ಹೇಳಿದ ಕಾರಣ ‘ಸದಾ ಕೊಂಕು ತೆಗೆಯುವವನು’ ಎಂಬ ಹಣೆಪಟ್ಟಿ ಬೀಳುತ್ತದೆ ಎಂಬ ಹೆದರಿಕೆ. ಹೇಳಿದರೂ ಏನೂ ಆಗುವುದಿಲ್ಲ ಎಂಬ ನಿರಾಸೆಯೂ ಕಾರಣಗಳ ಪಟ್ಟಿಯಲ್ಲಿತ್ತು.

ಉದ್ಯೋಗ ಕಡಿತದ ಗಾಳಿಸುದ್ದಿ ಈ ತಕ್ಕಡಿಗೆ ಹೊಸ ತಟ್ಟೆಯನ್ನೇನೂ ಸೇರಿಸುವುದಿಲ್ಲ. ಇದ್ದ ಹಣೆಪಟ್ಟಿಯ ತೂಕ ಹೆಚ್ಚಿಸುತ್ತದೆ, ಅಷ್ಟೆ. ಒಳ್ಳೆಯ ಕಾಲದಲ್ಲಿ ಕೊಂಕು ತೆಗೆಯುವವನಿಗೆ ಸಿಗುವ ಶಿಕ್ಷೆ ಒಂದು ಕಡಿಮೆ ರೇಟಿಂಗ್. ಕೆಟ್ಟ ಕಾಲದಲ್ಲಿ ಅದೇ ರೇಟಿಂಗ್ ಮನೆಗೆ ಕಳಿಸುವವರ ಪಟ್ಟಿಗೆ ದಾರಿ. ಧೈರ್ಯ ಯಾರಲ್ಲಿದೆ, ಪುಕ್ಕಲುತನ ಯಾರಲ್ಲಿದೆ ಎಂದು ಹುಡುಕುವವರು ಈ ತೂಕವನ್ನು ಮರೆಯುತ್ತಾರೆ ಎಂಬುದು ನನ್ನ ತಕರಾರು. ಹಿಂದಿನ ಕಚೇರಿಯಲ್ಲಿ ಬಾಯಿಜೋರು ಎನಿಸಿಕೊಂಡವರು ಹೊಸ ಕಚೇರಿಯ ಪ್ರೊಬೇಷನ್ನಿನ ಆರು ತಿಂಗಳು ಹೇಗಿರುತ್ತಾರೆ, ಗಮನಿಸಿ.

ಬಿಟ್ಟು ಹೋಗುವವರು, ಸುಮ್ಮನಿರುವವರು

ಬರ್ಲಿನ್‌ನಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್‌ಗೆ ನೈಜೀರಿಯಾದ ರೈಲ್ವೆ ಒಂದು ಒಗಟಾಗಿತ್ತು. ಲಾರಿಗಳ ಪೈಪೋಟಿ ಇದ್ದರೂ ರೈಲ್ವೆ ಸುಧಾರಿಸುತ್ತಿರಲಿಲ್ಲ, ಯಾಕೆ? ಅವರು 1970ರಲ್ಲಿ ಕೊಟ್ಟ ಉತ್ತರ ಇದು: ಸೇವೆ ಕೆಟ್ಟಾಗ ಅತಿ ಹೆಚ್ಚು ಗಲಾಟೆ ಮಾಡಬಹುದಾಗಿದ್ದ ಗ್ರಾಹಕರೇ ಮೊದಲು ಲಾರಿಗೆ ಹೊರಟುಹೋದರು. ಉಳಿದವರು ಬಾಯಿ ಬಿಡದವರು. ಹಾಳಾಗುತ್ತಿರುವ ಯಾವ ಸಂಸ್ಥೆಯಲ್ಲೂ ಜನರ ಮುಂದೆ ಎರಡು ದಾರಿಗಳಿವೆ, ಬಿಡುವುದು ಅಥವಾ ಹೇಳುವುದು. ಸಂಸ್ಥೆಯ ಮೇಲಿನ ನಿಷ್ಠೆ ಇವೆರಡರ ನಡುವೆ ಬ್ರೇಕಿನಂತೆ ಕೆಲಸ ಮಾಡುತ್ತದೆ ಎಂದರು ಹರ್ಷ್‌ಮನ್.

ಕಚೇರಿಗೆ ಇದನ್ನು ಹಚ್ಚಿ ನೋಡಿ. ಬೇರೆ ಕಡೆ ಕೆಲಸ ಸಿಗುವ ಗ್ಯಾರಂಟಿ ಇರುವವರು ಅಭದ್ರತೆಯ ವಾಸನೆ ಹಿಡಿದ ಕೂಡಲೇ ನೌಕರಿ ಜಾಲತಾಣದಲ್ಲಿ ಪ್ರೊಫೈಲ್ ತಿದ್ದಲು ಕೂರುತ್ತಾರೆ. ಹೋಗುವ ಕಚೇರಿಯ ಉಸಾಬರಿ ಯಾಕೆ ಎಂದು ಅವರು ಸುಮ್ಮನಾಗುತ್ತಾರೆ. ಬೇರೆ ಕಡೆ ಸಿಗದವರು, ಅಂದರೆ ನಲವತ್ತೈದು ದಾಟಿದವರು, ಹಳೆಯ ತಂತ್ರಜ್ಞಾನದಲ್ಲೇ ಉಳಿದವರು, ಊರು ಬಿಡಲಾಗದವರು, ಇದ್ದದ್ದೂ ಹೋದೀತು ಎಂದು ಸುಮ್ಮನಾಗುತ್ತಾರೆ. ಕಾರಣ ಬೇರೆ ಬೇರೆ, ಮೀಟಿಂಗ್‌ನಲ್ಲಿ ಕೇಳಿಸುವುದು ಒಂದೇ.

ಎಲ್ಲರೂ ಸುಮ್ಮನಾಗುತ್ತಾರೆ ಎಂದೂ ಹೇಳುವಂತಿಲ್ಲ. ಈ ಕುರಿತ ಅಧ್ಯಯನಗಳೆಲ್ಲ ಒಂದೇ ದಿಕ್ಕಿಗೆ ಕೈ ತೋರಿಸುವುದಿಲ್ಲ. ಕೆಲವರು ಭಯ ಹೆಚ್ಚಾದಾಗ ಜಾಸ್ತಿ ಮಾತಾಡುತ್ತಾರೆ. ತಾನೂ ಇದ್ದೇನೆ, ತನ್ನಿಂದ ಉಪಯೋಗ ಇದೆ ಎಂದು ಮೇಲಿನವರ ಕಣ್ಣಿಗೆ ಬೀಳಬೇಕಲ್ಲ. ಅಂಥ ಮಾತಿನಲ್ಲಿ ಹೆಚ್ಚಿರುವುದು ಸಲಹೆ ಮತ್ತು ಹೊಗಳಿಕೆ ಇರಬಹುದು.

ಶಾಂತವಾದ ವಾರ್ಡು ಒಳ್ಳೆಯ ವಾರ್ಡೇ?

ಮೌನದ ತೊಡಕೆಂದರೆ ದೂರದಿಂದ ನೋಡಿದರೆ ಅದು ನೆಮ್ಮದಿಯ ಹಾಗೇ ಕಾಣುತ್ತದೆ. ಹಾರ್ವರ್ಡ್‌ನ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ದಾದಿಯರ ತಂಡಗಳನ್ನು ಅಭ್ಯಸಿಸುವಾಗ ಈ ತೊಡಕಿಗೇ ಎಡವಿದರು. ಔಷಧಿ ಕೊಡುವಲ್ಲಿ ಆಗುವ ತಪ್ಪುಗಳು ಒಳ್ಳೆಯ ತಂಡಗಳಲ್ಲಿ ಕಡಿಮೆ ಇರುತ್ತವೆ ಎಂದು ಅವರು ಎಣಿಸಿದ್ದರು. ಅಂಕಿಅಂಶ ನೋಡಿದರೆ ತಲೆಕೆಳಗು: ಒಳ್ಳೆಯ ಮುಂದಾಳುಗಳಿದ್ದ ತಂಡಗಳಲ್ಲೇ ದಾಖಲಾದ ತಪ್ಪುಗಳು ಹೆಚ್ಚು. ಆಮೇಲೆ ಬಿಡಿಸಿ ನೋಡಿದಾಗ ಗೊತ್ತಾಯಿತು, ಆ ತಂಡಗಳವರು ತಪ್ಪನ್ನು ಮುಚ್ಚಿಡದೆ ಹೇಳುತ್ತಿದ್ದರು. ಬೈಗುಳ ಬೀಳುವ ವಾರ್ಡುಗಳಲ್ಲಿ ತಪ್ಪಾದರೂ ಕಾಗದಕ್ಕೆ ಬರುತ್ತಿರಲಿಲ್ಲ. ಇದರಿಂದ ಹೊರಟ ಎಡ್ಮಂಡ್‌ಸನ್ 1999ರಲ್ಲಿ ಬೆಳೆಸಿದ ಪರಿಕಲ್ಪನೆಯೇ ‘ಮಾನಸಿಕ ಸುರಕ್ಷತೆ’: ಪ್ರಶ್ನೆ ಕೇಳಿದರೆ, ತಪ್ಪೊಪ್ಪಿಕೊಂಡರೆ, ಭಿನ್ನವಾಗಿ ಮಾತಾಡಿದರೆ ಈ ತಂಡ ನನ್ನನ್ನು ಹಣಿಯುವುದಿಲ್ಲ ಎಂದು ಅಲ್ಲಿರುವವರೆಲ್ಲ ನಂಬಿರುವ ಸ್ಥಿತಿ.

ಹಾಗಾಗಿ ಉದ್ಯೋಗ ಕಡಿತದ ನಂತರದ ತಿಂಗಳುಗಳಲ್ಲಿ ದೂರುಗಳು ಕಡಿಮೆಯಾದರೆ ಮ್ಯಾನೇಜರ್‌ಗೆ ಎರಡು ಅರ್ಥ ಹೊಳೆಯಬೇಕು. ಒಂದೇ ಹೊಳೆಯುತ್ತದೆ. ಜನ ಕಡಿಮೆಯಾಗಿ, ಕೆಲಸ ಹೆಚ್ಚಾಗಿ, ತಪ್ಪುಗಳಾಗುವ ಸಂಭವ ಏರಿರುವ ಹೊತ್ತಿಗೇ ತಪ್ಪಿನ ಸುದ್ದಿ ಮೇಲೆ ತಲುಪುವುದು ಇಳಿದಿರುತ್ತದೆ.

ನರಸಾಪುರ ಮತ್ತು ಹೊಸೂರು ರಸ್ತೆ

ಮೌನ ಹಾಗೇ ಉಳಿಯದೆ ಒಡೆದ ಎರಡು ಘಟನೆಗಳು ನಮ್ಮ ರಾಜ್ಯದಲ್ಲೇ ಇವೆ.

2020ರ ಡಿಸೆಂಬರ್ 12ರ ಬೆಳಗಿನ ಜಾವ, ಕೋಲಾರ ಜಿಲ್ಲೆಯ ನರಸಾಪುರದಲ್ಲಿ ಆ್ಯಪಲ್‌ಗೆ ಐಫೋನ್ ಜೋಡಿಸುತ್ತಿದ್ದ ವಿಸ್ಟ್ರಾನ್ ಕಂಪನಿಯ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿದ ಕಾರ್ಮಿಕರು ಗಾಜು ಒಡೆದರು, ವಾಹನಗಳನ್ನು ಉರುಳಿಸಿದರು. ಅಲ್ಲಿ ದುಡಿಯುತ್ತಿದ್ದವರಲ್ಲಿ ಬಹುಪಾಲು ಜನ ಏಜೆನ್ಸಿಗಳ ಮೂಲಕ ಬಂದ ಗುತ್ತಿಗೆ ನೌಕರರು. ಹೇಳಿದ್ದಕ್ಕಿಂತ ಕಡಿಮೆ ಸಂಬಳ, ತಡವಾದ ಸಂಬಳ, ಲೆಕ್ಕಕ್ಕೆ ಬಾರದ ಹಾಜರಿ, 12 ಗಂಟೆಯ ಪಾಳಿ ಅವರ ದೂರುಗಳಾಗಿದ್ದವು. ಕೆಲವೇ ತಿಂಗಳಲ್ಲಿ ಕಾರ್ಮಿಕರ ಸಂಖ್ಯೆ 10 ಸಾವಿರ ದಾಟಿದ್ದರೂ ಅವರನ್ನು ನೋಡಿಕೊಳ್ಳುವ ಎಚ್‌ಆರ್ ವ್ಯವಸ್ಥೆ ಸಾಲುತ್ತಿರಲಿಲ್ಲ ಎಂದು ರಾಜ್ಯದ ಕಾರ್ಖಾನೆಗಳ ಇಲಾಖೆಯ ತಪಾಸಣೆ ಹೇಳಿತು. ಕೆಲವರಿಗೆ ಸರಿಯಾಗಿ, ಸಮಯಕ್ಕೆ ಸಂಬಳ ಹೋಗಿರಲಿಲ್ಲ ಎಂದು ಕಂಪನಿ ಒಪ್ಪಿಕೊಂಡು ಕ್ಷಮೆ ಕೇಳಿತು. ಆ್ಯಪಲ್ ಅದನ್ನು ನಿಗಾದಲ್ಲಿಟ್ಟಿತು. ಹಿಂಸೆಗೆ ಸಮರ್ಥನೆ ಹುಡುಕುವುದು ಇಲ್ಲಿನ ಉದ್ದೇಶ ಅಲ್ಲ. ಗುತ್ತಿಗೆಯವನ ಪೇಚನ್ನು ಮಾತ್ರ ನೋಡಿ: ಸಂಬಳ ಕೊಡುವುದು ಏಜೆನ್ಸಿ, ಕೆಲಸ ಹೇಳುವುದು ಕಾರ್ಖಾನೆ. ದೂರಿನೊಂದಿಗೆ ಯಾರ ಬಾಗಿಲಿಗೆ ಹೋದರೂ ಇನ್ನೊಂದು ಬಾಗಿಲು ತೋರಿಸಬಹುದು. ಅವನನ್ನು ಕೆಲಸದಿಂದ ತೆಗೆಯಲು ಯಾರೂ ತೆಗೆಯಬೇಕಾಗಿಯೂ ಇಲ್ಲ, ಮುಂದಿನ ತಿಂಗಳು ಕರೆಯದಿದ್ದರೆ ಸಾಕು.

ಅದಕ್ಕೂ ನಾಲ್ಕು ವರ್ಷ ಮೊದಲು, 2016ರ ಏಪ್ರಿಲ್ 18 ಮತ್ತು 19ರಂದು, ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರು, ಅವರಲ್ಲಿ ಬಹುಪಾಲು ಮಹಿಳೆಯರು, ಹೊಸೂರು ರಸ್ತೆಗೆ ಇಳಿದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷವಾಗುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ಹೊಸ ನಿಯಮ ಅವರನ್ನು ಕೆರಳಿಸಿತ್ತು. ಗಾರ್ಮೆಂಟ್ಸ್‌ನಲ್ಲಿ 58ರವರೆಗೆ ಹೊಲಿಗೆ ಯಂತ್ರದ ಮುಂದೆ ಕೂರುವವರು ವಿರಳ. ಕೆಲಸ ಬಿಟ್ಟಾಗ ಕೈಗೆ ಬರುವ ಪಿಎಫ್ ಹಣವೇ ಮಗಳ ಮದುವೆ, ಮಗನ ಕಾಲೇಜು, ಊರಿನ ಸಾಲ. ಎರಡನೆಯ ದಿನ ಬಸ್ಸುಗಳಿಗೆ ಬೆಂಕಿ ಬಿತ್ತು, ಲಾಠಿಪ್ರಹಾರವೂ ನಡೆಯಿತು. ಅದೇ ದಿನ ಕೇಂದ್ರ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು.

ಬ್ಯಾಚಿನ ಸೂಪರ್‌ವೈಸರ್ ಬೈದಾಗ ತುಟಿ ಎರಡು ಮಾಡದವರೇ ಈ ಸಾವಿರಾರು ಮಹಿಳೆಯರು. ಅಂದು ಏನು ಬದಲಾಗಿತ್ತು? ತಕ್ಕಡಿಯ ನಷ್ಟದ ತಟ್ಟೆ. ಒಬ್ಬಳು ಹೇಳಿದರೆ ಒಬ್ಬಳ ಕೆಲಸ ಹೋಗುತ್ತದೆ. ಇಡೀ ಫ್ಲೋರ್ ಎದ್ದು ಹೊರಟರೆ ಯಾರನ್ನೆಂದು ತೆಗೆಯುತ್ತಾರೆ? ಜೊತೆಗೆ, ಅವರ ಸಿಟ್ಟು ಸೂಪರ್‌ವೈಸರ್ ಮೇಲೆ ಇರಲಿಲ್ಲ, ದೆಹಲಿಯ ಮೇಲಿತ್ತು. ಸಂಬಳ ಕೊಡುವ ಕೈಯನ್ನು ನೇರವಾಗಿ ಎದುರು ಹಾಕಿಕೊಳ್ಳಬೇಕಿರಲಿಲ್ಲ.

ಕಾನೂನಿನಲ್ಲಿ ಎಷ್ಟು ಆಸರೆ?

2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಪ್ರಕಾರ 20 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ಅದರಲ್ಲಿ ಮಾಲೀಕರ ಕಡೆಯವರೂ ಕಾರ್ಮಿಕರ ಕಡೆಯವರೂ ಸಮನಾಗಿರಬೇಕು. ಒಂದು ವರ್ಷ ಸತತ ಸೇವೆ ಆದವರನ್ನು ಹೆಚ್ಚುವರಿ ಎಂದು ತೆಗೆಯುವಾಗ ಒಂದು ತಿಂಗಳ ನೋಟಿಸ್ ಅಥವಾ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನದ ವೇತನ ಪರಿಹಾರ ಎಂಬ ಹಳೆಯ ನಿಯಮ ಇದರಲ್ಲೂ ಮುಂದುವರಿದಿದೆ. ಆದರೆ ನಿಗದಿತ ಅವಧಿಯ ಗುತ್ತಿಗೆ ತಾನಾಗಿ ಮುಗಿದರೆ ಅದು ಕಡಿತದ ಲೆಕ್ಕಕ್ಕೆ ಬರುವುದಿಲ್ಲ. ಮ್ಯಾನೇಜರ್ ದರ್ಜೆಯವರು, ತಿಂಗಳಿಗೆ 18 ಸಾವಿರ ರೂಪಾಯಿ ಮೀರಿದ ಮೇಲ್ವಿಚಾರಕರು ‘ಕಾರ್ಮಿಕ’ ಎಂಬ ವ್ಯಾಖ್ಯೆಯ ಹೊರಗೆ. ಒತ್ತಾಯದಿಂದ ಬರೆಸಿಕೊಂಡ ರಾಜೀನಾಮೆ ಕಾಗದದ ಮೇಲೆ ಸ್ವಇಚ್ಛೆಯ ರಾಜೀನಾಮೆಯಂತೆಯೇ ಕಾಣುತ್ತದೆ, ಅದನ್ನು ಸುಳ್ಳು ಎಂದು ತೋರಿಸುವ ಹೊರೆ ನೌಕರನ ಹೆಗಲಿಗೆ ಬೀಳುತ್ತದೆ.

ಲೈಂಗಿಕ ಕಿರುಕುಳಕ್ಕೆ ಮಾತ್ರ ಬೇರೆ ದಾರಿ ಇದೆ. 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ಮಂದಿ ಕೆಲಸ ಮಾಡುವಲ್ಲಿ ಆಂತರಿಕ ಸಮಿತಿ ಕಡ್ಡಾಯ. ಭ್ರಷ್ಟಾಚಾರ ಬಯಲಿಗೆಳೆಯುವವರ ರಕ್ಷಣೆಗೆಂದು 2014ರಲ್ಲಿ ಸಂಸತ್ತು ಒಪ್ಪಿದ ಕಾಯ್ದೆ ರಾಷ್ಟ್ರಪತಿಯವರ ಅಂಕಿತ ಬಿದ್ದ ಮೇಲೂ ವರ್ಷಗಟ್ಟಲೆ ಜಾರಿಗೆ ಬಾರದೆ ಕೂತಿತು. ಬೆಂಗಳೂರಿನ ಐಟಿ ನೌಕರರ ಸಂಘ ಹುಟ್ಟಿದ್ದು 2017ರಲ್ಲಿ. ಸದಸ್ಯರಾದರೆ ಕಂಪನಿಗೆ ಗೊತ್ತಾಗುತ್ತದೆಯೇ ಎಂಬುದು ಸೇರಬೇಕೆನ್ನುವವರನ್ನು ಮೊದಲು ಕಾಡುವ ಪ್ರಶ್ನೆ. ನಾವು ಇಷ್ಟು ಹೊತ್ತು ಮಾತಾಡುತ್ತಿರುವುದೂ ಅದನ್ನೇ.

ಮಾತನ್ನೂ ಕೆಲಸವನ್ನೂ ಬೇರೆ ಮಾಡಿದರೆ

“ನನ್ನ ಬಾಗಿಲು ಸದಾ ತೆರೆದಿದೆ” ಎಂದು ಎಲ್ಲ ನೌಕರರನ್ನೂ ಸೇರಿಸುವ ‘ಟೌನ್‌ಹಾಲ್’ ಸಭೆಯಲ್ಲಿ ಹೇಳಿದರೆ ಈ ಗಂಟು ಬಿಡಿಸಿಕೊಳ್ಳುವುದಿಲ್ಲ. ಬಾಗಿಲು ತೆರೆದಿದೆಯೇ ಎಂಬ ಅನುಮಾನ ಯಾರಿಗೂ ಇರಲಿಲ್ಲ. ಒಳಗೆ ಹೋದವರು ಆಮೇಲೆ ಏನಾದರು ಎಂಬುದು ಎಲ್ಲರ ಕುತೂಹಲ.

ಅಮೆರಿಕದ ವಿಮಾನಯಾನ ಇದಕ್ಕೆ ಕಂಡುಕೊಂಡ ಉಪಾಯ ಸರಳವಾಗಿದೆ. 1976ರಿಂದ ಅಲ್ಲಿನ ಪೈಲಟ್‌ಗಳು, ವಿಮಾನ ಸಂಚಾರ ನಿಯಂತ್ರಕರು ತಮ್ಮ ತಪ್ಪು, ತಾವು ಕಂಡ ಅಪಾಯಗಳನ್ನು ಬರೆದು ಕಳಿಸುವ ವ್ಯವಸ್ಥೆ ಇದೆ. ಕಾಗದ ಹೋಗುವುದು ಕಂಪನಿಗೂ ಅಲ್ಲ, ದಂಡ ಹಾಕುವ ಇಲಾಖೆಗೂ ಅಲ್ಲ. ಶಿಕ್ಷಿಸುವ ಅಧಿಕಾರವೇ ಇಲ್ಲದ ನಾಸಾಕ್ಕೆ. ಅಲ್ಲಿ ಹೆಸರು ಅಳಿಸಿ, ಪಾಠ ಮಾತ್ರ ಉಳಿಸಿಕೊಳ್ಳುತ್ತಾರೆ. ಜಪಾನಿನ ಟೊಯೊಟಾ ಕಾರ್ಖಾನೆಗಳಲ್ಲಿ ಜೋಡಣೆಯ ಸಾಲಿನ ಪಕ್ಕ ಒಂದು ಹಗ್ಗ, ಇತ್ತೀಚೆಗೆ ಕೆಲವೆಡೆ ಗುಂಡಿ. ದೋಷ ಕಂಡ ಯಾವ ಕಾರ್ಮಿಕನೂ ಅದನ್ನು ಎಳೆಯಬಹುದು, ಎಳೆದರೆ ಮೇಲ್ವಿಚಾರಕ ಓಡಿಬರುತ್ತಾನೆ, ಅಗತ್ಯ ಬಿದ್ದರೆ ಸಾಲೇ ನಿಲ್ಲುತ್ತದೆ. ಎಳೆಯುವುದು ಅಲ್ಲಿ ಅಧಿಕಪ್ರಸಂಗ ಆಗುವುದಿಲ್ಲ, ದಿನದ ಕೆಲಸದಲ್ಲಿ ಅದೂ ಒಂದು. “ತಕರಾರು ಇದೆಯೇ?” ಎಂದು ಗುಂಪಿಗೆ ಕೇಳುವ ಬದಲು “ಇದರಲ್ಲಿ ಕೈಕೊಡಬಹುದಾದ ಎರಡು ಜಾಗ ಹೇಳಿ” ಎಂದು ಒಬ್ಬೊಬ್ಬರನ್ನೇ ಕೇಳುವುದೂ ಇದೇ ಜಾತಿಯ ಉಪಾಯ. ಆಗ ಹೇಳದಿದ್ದವರೇ ಎದ್ದು ಕಾಣುತ್ತಾರೆ.

ಸುಮಾ ಅವರ ತಂಡದಲ್ಲಿ ಹಗ್ಗ ಇರಲಿಲ್ಲ. ಹಾಗೆಂದು ಅವರು ಪೂರ್ತಿ ಸುಮ್ಮನಿರಲೂ ಇಲ್ಲ. ಮೀಟಿಂಗ್ ಮುಗಿದ ಮೇಲೆ, ಕ್ಯಾಬ್‌ಗೆ ಕಾಯುತ್ತಾ, ದೋಷದ ಬಗ್ಗೆ ಒಂದು ಟಿಕೆಟ್, ಅಂದರೆ ತಂಡದ ದೋಷಪಟ್ಟಿಗೆ ಒಂದು ನಮೂದು, ಬರೆದರು. ಮೊದಲು ‘ಗ್ರಾಹಕರ ಹಣ ಎರಡು ಬಾರಿ ಕಡಿತ’ ಎಂದು ಶೀರ್ಷಿಕೆ ಕೊಟ್ಟರು. ಅಳಿಸಿ, ‘ಪಾವತಿ ಪುಟದಲ್ಲಿ ಕೆಲವೊಮ್ಮೆ ವಿಳಂಬ’ ಎಂದು ಮಾಡಿದರು. ಆದ್ಯತೆಯ ಕಾಲಂನಲ್ಲಿ ‘ತುರ್ತು’ ಒತ್ತಿ, ಸ್ವಲ್ಪ ಹೊತ್ತು ನೋಡಿ, ‘ಸಾಧಾರಣ’ಕ್ಕೆ ಬದಲಿಸಿದರು. ನಾಳೆ ಯಾರಾದರೂ ಕೇಳಿದರೆ ದಾಖಲೆ ಇದೆ. ಇವತ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಸಾಧಾರಣ ಆದ್ಯತೆಯ ಟಿಕೆಟ್‌ಗಳನ್ನು ಆ ತಂಡ ತೆರೆದು ನೋಡುವುದು ಸೋಮವಾರ. ರಿಲೀಸ್ ಶುಕ್ರವಾರ.